ಒಂದು ಐವತ್ತಕ್ಕೆ ಮುಗಿಯಿತು

ನಮ್ಮೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅಡಗು ಬೀಳುತ್ತದೆ, ಎರಡು ನಲವತ್ತಕ್ಕೆ ಏಳುತ್ತದೆ. ಆ ನಲವತ್ತು ನಿಮಿಷ ಊರಿನ ಎಲ್ಲೆಯೊಳಗೆ ಯಾವ ಸದ್ದೂ ಇರುವುದಿಲ್ಲ, ಕೂಗಿದರೂ ಕಿವಿಗೆ ಬೀಳುವುದಿಲ್ಲ. ಏಕೆ ಹೀಗೆ ಎಂದು ಕೇಳುವವರು ಹೊರಗಿನಿಂದ ಬಂದವರು. ನಾವು ಕೇಳುವುದು ಗಡಿಯಾರ ಸರಿಯಾಗಿ ನಡೆಯುತ್ತಿದೆಯೇ ಎಂದು ಮಾತ್ರ. ಎರಡಕ್ಕೆ ಐದು ನಿಮಿಷ ಇರುವಾಗ ಹೆಂಗಸರು ಕುಕ್ಕರನ್ನು ಒಲೆಯಿಂದ ಇಳಿಸಿಬಿಡುತ್ತಾರೆ, ಸೀಟಿ ಎಣಿಸುವುದಕ್ಕೆ ಆಗುವುದಿಲ್ಲವಲ್ಲ. ಕ್ಷೌರದಂಗಡಿಯವನು ಅರ್ಧ ಗಡ್ಡಕ್ಕೇ ಕತ್ತಿ ಕೆಳಗಿಡುತ್ತಾನೆ. ಗಿರಾಕಿ ‘ಹಾ’ ಎಂದರೆ ಅವನಿಗೆ ತಿಳಿಯುವುದು ಹೇಗೆ? ಬಸ್ಸುಗಳು ಊರ ಹೊರಗಿನ ಹುಣಸೆಮರದ ಕೆಳಗೆ ನಿಲ್ಲುತ್ತವೆ, ಡ್ರೈವರುಗಳು ಒಂದು ನಿದ್ದೆ ತೆಗೆಯುತ್ತಾರೆ. ಎಳೆಮಗುವಿನ ತಾಯಂದಿರು ತೊಟ್ಟಿಲಿನ ಕಡೆ ಮುಖ ಮಾಡಿ ಕುಳಿತುಕೊಳ್ಳುತ್ತಾರೆ. ಜಗಳವಾಡುತ್ತಿದ್ದವರು ಅಡಗು ಎದ್ದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು, ಆದರೆ ಹೆಚ್ಚಿನ ಸಲ ಯಾರಿಗೂ ಅದರ ಉಮೇದು ಉಳಿದಿರುವುದಿಲ್ಲ. ನೀರು, ಉಪ್ಪು, ಬಾ, ಬೇಡ, ನೋವು, ಸಾಕು ಇಂಥ ಅರವತ್ತು ಎಪ್ಪತ್ತು ಮಾತುಗಳಿಗೆ ಕೈಸನ್ನೆಗಳಿವೆ. ಮಕ್ಕಳು ಅವನ್ನು ಅಕ್ಷರಕ್ಕಿಂತ ಮೊದಲು ಕಲಿಯುತ್ತವೆ.

ನನ್ನ ಹೆಸರು ಸರ್ವಮಂಗಳಾ. ಊರಿನ ದೊಡ್ಡಾಸ್ಪತ್ರೆಯಲ್ಲಿ ಎಲ್ಲರಿಗೂ ನಾನು ಮಂಗಳಾ ಸಿಸ್ಟರ್. ಆಪರೇಷನ್ ಥಿಯೇಟರಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದೆ. ನಮ್ಮ ಆಸ್ಪತ್ರೆಯ ವಾರ್ಡುಗಳಲ್ಲಿ ಪ್ರತಿ ಹಾಸಿಗೆಯಿಂದಲೂ ಒಂದೊಂದು ದಾರ ನರ್ಸಿನ ಮೇಜಿನವರೆಗೆ ಬರುತ್ತದೆ. ಅಡಗಿನಲ್ಲಿ ರೋಗಿ ದಾರ ಎಳೆದರೆ ಮೇಜಿನ ಮೇಲಿನ ಹಲಗೆಯಲ್ಲಿ ಆ ಹಾಸಿಗೆಯ ಕೆಂಪು ಬಟ್ಟೆ ಕೆಳಗೆ ಬೀಳುತ್ತದೆ. ದಾರ ಎಳೆಯುವಷ್ಟು ಶಕ್ತಿಯಿಲ್ಲದವರ ಪಕ್ಕದಲ್ಲಿ ಆಯಾ ಒಬ್ಬಳು ಮಣಿಕಟ್ಟು ಹಿಡಿದು, ಮುಖ ನೋಡುತ್ತಾ ಕುಳಿತಿರಬೇಕು. ಇನ್ನು ಥಿಯೇಟರಿನ ಬಾಗಿಲ ಮೇಲೆ, ನಾನು ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ವರ್ಷ ಹಿಂದೆ ಯಾರೋ ಬರೆಸಿದ ಸಾಲಿದೆ: ‘ಅಡಗಿನಲ್ಲಿ ಕತ್ತಿ ಮುಟ್ಟಬಾರದು.’ ಮಲಗಿಸಿದ ರೋಗಿಯ ಉಸಿರಿನಲ್ಲಿ ಏರುಪೇರಾದರೆ ಯಂತ್ರ ಕೂಗಿಕೊಳ್ಳುತ್ತದೆ. ಅಡಗಿನಲ್ಲಿ ಆ ಕೂಗು ಯಾರಿಗೂ ಕೇಳಿಸುವುದಿಲ್ಲ.

ಡಾಕ್ಟರ್ ವಿಶ್ವಂಭರ ನಮ್ಮ ಸರ್ಜನ್. ಅವರ ಬಗ್ಗೆ ನಾನು ಮೊದಲು ಹೇಳಬೇಕಾದದ್ದು ಏನೆಂದರೆ, ನನ್ನ ತಂಗಿ ಇವತ್ತು ಬದುಕಿರುವುದು ಅವರಿಂದ. ಅವಳ ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದ ದಿನ ಅವರ ಮನೆಯಲ್ಲಿ ಮಗಳ ನಾಮಕರಣ. ಬಡಿಸಿದ ಎಲೆ ಬಿಟ್ಟು ಎದ್ದು, ಪಂಚೆಯಲ್ಲೇ ಸ್ಕೂಟರ್ ಹತ್ತಿ ಬಂದಿದ್ದರು. ಅಂಥ ಮನುಷ್ಯ. ಸುತ್ತಲಿನ ನಲವತ್ತು ಹಳ್ಳಿಗೆ ಅವರೊಬ್ಬರೇ. ಬೆಳಗ್ಗೆ ಏಳಕ್ಕೇ ಥಿಯೇಟರಿನ ಹೊರಗಿನ ಬೆಂಚುಗಳು ತುಂಬಿರುತ್ತಿದ್ದವು. ಪಟ್ಟಿಯಲ್ಲಿ ಕೊನೆಯ, ಅಂದರೆ ಐದನೆಯ ಹೆಸರಿನವರನ್ನು ಮಧ್ಯಾಹ್ನ ಒಂದೂವರೆಗೆ ವಾಪಸು ಕಳಿಸುವ ಕೆಲಸ ನನ್ನದು. ಹಿಂದಿನ ರಾತ್ರಿಯಿಂದ ಊಟ ಬಿಟ್ಟು ಕಾದವರಿಗೆ ‘ನಾಳೆ ಬನ್ನಿ’ ಎಂದು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ನನಗೂ, ಡಾಕ್ಟರಿಗೂ.

ಮೊದಲ ಸಲ ಅದು ಹತ್ತು ನಿಮಿಷದ ಮಾತಾಗಿತ್ತು. ಹೊಲಿಗೆ ಹಾಕುವುದಷ್ಟೇ ಉಳಿದಿತ್ತು, ಅಡಗು ಬಿತ್ತು. ಅವರು ನಿಲ್ಲಿಸದೆ ಮುಗಿಸಿದರು. ಏನೂ ಆಗಲಿಲ್ಲ. ಅಡಗು ಎದ್ದ ಮೇಲೆ ನಾನು ರಿಜಿಸ್ಟರ್ ತೆರೆದು, ಪೆನ್ನು ಹಿಡಿದು ಅವರ ಮುಖ ನೋಡಿದೆ. “ಒಂದು ಐವತ್ತು ಅಂತ ಹಾಕಿ ಸಿಸ್ಟರ್. ಹತ್ತು ನಿಮಿಷಕ್ಕೆ ಯಾಕೆ ಉತ್ತರ ಕೊಡೋದು?” ಎಂದರು. ಹಾಕಿದೆ. ಮುಂದಿನ ವಾರ ಇಪ್ಪತ್ತು ನಿಮಿಷವಾಯಿತು. ಕ್ರಮೇಣ ಐದನೆಯ ಹೆಸರನ್ನು ವಾಪಸು ಕಳಿಸುವುದೇ ನಿಂತುಹೋಯಿತು. ಎರಡಕ್ಕೆ ಹದಿನೈದು ನಿಮಿಷ ಇರುವಾಗ ಶುರು ಮಾಡಿ, ಅಡಗಿನುದ್ದಕ್ಕೂ ಕೆಲಸ ನಡೆಸಿ, ಶುರುವಾದ ಹೊತ್ತನ್ನೂ ಹಿಂದಕ್ಕೆ ತಳ್ಳಿ, ‘ಒಂದು ಐವತ್ತಕ್ಕೆ ಮುಗಿಯಿತು’ ಎಂದು ಬರೆಯುವುದು ಥಿಯೇಟರಿನ ಅಭ್ಯಾಸವೇ ಆಯಿತು. ಹನ್ನೊಂದು ತಿಂಗಳು ಹೀಗೆ ನಡೆಯಿತು. ಎಲ್ಲವೂ ನನ್ನ ಕೈಬರಹ. ಜನ ಡಾಕ್ಟರನ್ನು ಹೊಗಳಿದರು, ನಮ್ಮನ್ನೂ ಹೊಗಳಿದರು. ಬಾಗಿಲ ಮೇಲಿನ ಸಾಲನ್ನು ನಾನು ಓದುವುದು ಬಿಟ್ಟಿದ್ದೆ.

ಆ ಮಂಗಳವಾರದ ಐದನೆಯ ಹೆಸರು ಮೆಹರುನ್ನಿಸಾ. ನಲವತ್ತು ದಾಟಿದ ಹೆಂಗಸು, ಪಿತ್ತಕೋಶದಲ್ಲಿ ಕಲ್ಲು. ಗಂಡ ಖಲಂದರ್ ಸಂತೆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವವನು. ಒಳಗೆ ಕರೆದುಕೊಂಡು ಹೋಗುವಾಗ ಮೆಹರುನ್ನಿಸಾ ನನ್ನನ್ನು ಕೇಳಿದಳು, “ಸಿಸ್ಟರಮ್ಮ, ಅಡಗು ಬೀಳೋದ್ರೊಳಗೆ ಮುಗೀತದಾ?” ನಾನು ತಲೆಯಾಡಿಸಿದೆ. ಹೂಂ ಎನ್ನುವ ಹಾಗೂ ಇತ್ತು, ಸುಮ್ಮನೆ ಸಮಾಧಾನ ಮಾಡುವ ಹಾಗೂ ಇತ್ತು.

ಅರಿವಳಿಕೆ ಕೊಡುವವರು ಡಾಕ್ಟರ್ ಪ್ರಣೀತ್, ಇನ್ನೂ ಚಿಕ್ಕ ವಯಸ್ಸು, ಊರಿಗೆ ಬಂದು ಆರು ತಿಂಗಳಾಗಿತ್ತಷ್ಟೆ. ಅಡಗಿನಲ್ಲಿ ಅವರು ತಮ್ಮ ಸ್ಟೂಲು ಬಿಟ್ಟು ಏಳದೆ ಯಂತ್ರದ ದೀಪಗಳನ್ನೇ ನೋಡುತ್ತಿರುತ್ತಿದ್ದರು. ಆ ದಿನ ಅಡಗು ಬಿದ್ದು ಐದು ನಿಮಿಷಕ್ಕೆ ಪಕ್ಕದ ಕೋಣೆಯ ಆಯಾ ಬಂದು ಸನ್ನೆ ಮಾಡಿದಳು, ಅಲ್ಲಿ ನಾಲ್ಕನೆಯ ರೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಪ್ರಣೀತ್ ಎದ್ದು ಹೋದರು. ಮಾನಿಟರು ಅವರ ಸ್ಟೂಲಿನ ಕಡೆಗೆ ತಿರುಗಿತ್ತು, ನಮಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಡಾಕ್ಟರ ಕೈಗೆ ಒಂದೊಂದೇ ಸಾಮಾನು ಕೊಡುತ್ತಿದ್ದೆ. ಎಷ್ಟು ಹೊತ್ತಾಯಿತೋ, ಕತ್ತರಿಗಾಗಿ ಬಾಗಿದಾಗ ಹಸಿರು ಬಟ್ಟೆಯಂಚಿನಲ್ಲಿ ಮೆಹರುನ್ನಿಸಾಳ ಕೈ ಕಂಡಿತು. ಉಗುರುಗಳು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿದ್ದವು.

ನಾನು ಕೂಗಿದೆ. ಕೂಗಿ ಪ್ರಯೋಜನವಿಲ್ಲವೆಂದು ಹುಟ್ಟಿದಾಗಿನಿಂದ ಗೊತ್ತಿದ್ದರೂ ಬಾಯಿ ತೆರೆದು ಕೂಗಿದೆ. ಡಾಕ್ಟರ ತೋಳು ಹಿಡಿದು ಜಗ್ಗಿದೆ. ಅವರು ಸಿಟ್ಟಿನಿಂದ ತಿರುಗಿ, ನಾನು ತೋರಿಸಿದ್ದನ್ನು ನೋಡಿ, ಎಲ್ಲ ಬಿಟ್ಟು ಬಟ್ಟೆಯೊಳಗೆ ಕೈಹಾಕಿದರು. ಉಸಿರಿನ ಕೊಳವೆಯ ಕೀಲು ಬಿಟ್ಟುಕೊಂಡಿತ್ತು. ನಾನು ಪಕ್ಕದ ಕೋಣೆಗೆ ಓಡಿ ಪ್ರಣೀತರ ಅಂಗಿ ಹಿಡಿದು ಎಳೆದು ತಂದೆ. ಬರುವಾಗ ಮಾನಿಟರಿನ ಮುಂಭಾಗ ಕಂಡಿತು. ಕೆಂಪು ದೀಪ ಮಿಟುಕುತ್ತಿತ್ತು, ಅಷ್ಟು ಹೊತ್ತೂ ಅದು ಕೂಗಿಕೊಳ್ಳುತ್ತಲೇ ಇದ್ದಿರಬೇಕು. ಎದೆ ಒತ್ತಿದರು, ಸೂಜಿ ಚುಚ್ಚಿದರು. ನಾವು ಮೂವರೂ ಏನೇನೋ ಮಾತನಾಡುತ್ತಿದ್ದೆವು, ಒಬ್ಬರಿಗೊಬ್ಬರಿಗೆ ಒಂದೂ ಕೇಳಲಿಲ್ಲ. ಗೋಡೆಯ ಗಡಿಯಾರ ಎರಡು ಹದಿನಾರು ತೋರಿಸುತ್ತಿದ್ದಾಗ ಹೃದಯ ಮತ್ತೆ ಸರಿಯಾಗಿ ಬಡಿಯಿತು. ಬಣ್ಣ ಮರಳಿತು, ತಾನಾಗಿ ಉಸಿರಾಡಿದಳು. ಬೇಗ ಬೇಗ ಹೊಲಿಗೆ ಮುಗಿಸಿ, ಇನ್ನೂ ಅಡಗು ಇರುವಾಗಲೇ ಚೇತರಿಕೆ ಕೋಣೆಗೆ ತಳ್ಳಿಕೊಂಡು ಹೋದೆವು. ಅಲ್ಲಿ ಇನ್ನೊಬ್ಬ ಆಯಾ, ದ್ಯಾವಮ್ಮ, ಕುಳಿತಿದ್ದಳು. ಎಂದಿನಂತೆ ಮೆಹರುನ್ನಿಸಾಳ ಮಣಿಕಟ್ಟು ಹಿಡಿದು ಮುಖ ನೋಡತೊಡಗಿದಳು. ಅವಳಿಗೆ ನಾವು ಏನೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ.

ಎರಡು ನಲವತ್ತಕ್ಕೆ ಅಡಗು ಎದ್ದಿತು. ಮೆಹರುನ್ನಿಸಾ ಏಳಲಿಲ್ಲ. ಮೂರಕ್ಕೂ ಏಳಲಿಲ್ಲ. ಹೆಸರು ಹಿಡಿದು ಕರೆದರೆ ರೆಪ್ಪೆ ಕೂಡ ಅಲುಗಲಿಲ್ಲ. ಅವಳನ್ನು ಐಸಿಯುಗೆ ಒಯ್ದ ಮೇಲೆ ಡಾಕ್ಟರ್ ವಿಶ್ವಂಭರ ನನ್ನನ್ನು ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಕರೆದರು. ಮುಖ ಬೂದಿಯಾಗಿತ್ತು.

“ಒಂದು ಐವತ್ತು ಅಂತಲೇ ಬರೀರಿ ಸಿಸ್ಟರ್.”

“ಸಾರ್, ಇವತ್ತು ಹೇಗೆ ಸಾರ್...”

“ಒಂದು ಐವತ್ತಕ್ಕೆ ಮುಗೀತು, ಹೊರಗೆ ತಂದ್ವಿ. ತೊಂದರೆ ಆಗಿದ್ದು ಹೊರಗೆ. ಅಡಗಿನಲ್ಲಿ ಆಯಾ ಗಮನ ಕೊಡಲಿಲ್ಲ.” ಅವರು ನನ್ನ ಕಡೆ ನೋಡಲಿಲ್ಲ. “ದ್ಯಾವಮ್ಮನಿಗೆ ನಾನು ಬೇರೆ ಕಡೆ ಕೆಲಸ ಕೊಡಿಸ್ತೀನಿ, ಅವಳನ್ನ ಕೈಬಿಡಲ್ಲ. ಆದ್ರೆ ನನ್ನ ಕೈ ಕಟ್ಟಿಹಾಕಿದ್ರೆ ಈ ನಲವತ್ತು ಹಳ್ಳಿ ಜನ ಎಲ್ಲಿಗೆ ಹೋಗ್ಬೇಕು? ನೀವೇ ಯೋಚನೆ ಮಾಡಿ.”

ಯೋಚನೆ ಮಾಡಿದೆ. ತಂಗಿಯ ನೆನಪಾಯಿತು, ಬೆಂಚಿನ ಮೇಲಿನ ಮುಖಗಳ ನೆನಪಾಯಿತು. ಹಿಂದಿನ ಹನ್ನೊಂದು ತಿಂಗಳ ಪುಟಗಳೂ ನೆನಪಾದವು, ಅವು ನನ್ನವು. ಬರೆದೆ.

ದ್ಯಾವಮ್ಮನನ್ನು ಮರುದಿನವೇ ಕೆಲಸದಿಂದ ಬಿಡಿಸಿದರು. ವಿಚಾರಣೆ ಆಮೇಲೆ ಎಂದರು. ಇಪ್ಪತ್ತೆರಡು ವರ್ಷದಿಂದ ರೋಗಿಗಳ ಮಣಿಕಟ್ಟು ಹಿಡಿದು ಕುಳಿತ ಹೆಂಗಸು, ನೀಲಿ ಸೀರೆ ಮಡಚಿ ಕಪಾಟಿನಲ್ಲಿಟ್ಟು, ಬೀಗದ ಕೈ ಕೊಟ್ಟು ಹೋದಳಂತೆ. ನಾನು ಆ ಹೊತ್ತಿಗೆ ಸರಿಯಾಗಿ ಉಗ್ರಾಣದಲ್ಲಿ ಹತ್ತಿಯ ಸುರುಳಿ ಎಣಿಸುತ್ತಿದ್ದೆ. ಎಣಿಸುವ ಅಗತ್ಯ ಇರಲಿಲ್ಲ.

ಶನಿವಾರ ನನಗೆ ರಜೆ. ಮನೆಯವರು ಕೆಲಸಕ್ಕೆ ಹೋಗಿದ್ದರು. ಎರಡಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಲ್ಲಿ ದ್ಯಾವಮ್ಮ ನಿಂತಿದ್ದಳು. ಜಗಳಕ್ಕೆ ಬಂದಿದ್ದಾಳೆಂದುಕೊಂಡೆ. ಹಾಗೆ ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಚಾಪೆಯ ಮೇಲೆ ಕುಳಿತು, ನಾನು ಕೊಟ್ಟ ನೀರು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

“ಸಿಸ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಅವತ್ತು ತೂಕಡಿಸಿದ್ನಾ?”

“ಯಾಕೆ ದ್ಯಾವಮ್ಮಕ್ಕ ಹಾಗಂತೀಯ?”

“ನನ್ಗೇ ಗೊತ್ತಾಗ್ತಿಲ್ಲ. ಮೊದಮೊದಲು ಇಲ್ಲ, ನಾನು ಮುಖಾನೇ ನೋಡ್ತಿದ್ದೆ ಅಂತ ಗಟ್ಟಿಯಾಗಿ ಅನ್ಸಿತ್ತು. ಆ ಯಮ್ಮನ್ನ ತಂದು ಸ್ವಲ್ಪ ಹೊತ್ತಿಗೇ ಅಡಗು ಎದ್ದ ಹಂಗಿತ್ತು. ಆ ಕೋಣೆ ಗಡಿಯಾರ ನಿಂತು ತಿಂಗಳಾಯ್ತು, ಹೊತ್ತು ಗೊತ್ತಾಗಲ್ಲ. ನೀವು ಒಂದು ಐವತ್ತು ಅಂತ ಬರ್ದಿದ್ದೀರಂತಲ್ಲ. ನೀವು ತಪ್ಪು ಬರೆಯೋರಲ್ಲ. ಹಂಗಾದ್ರೆ ಅಡಗು ಬಿದ್ದ ಕೂಡ್ಲೇ ತಂದಿರಬೇಕು, ಅಡಗು ಪೂರ್ತಿ ಆ ಯಮ್ಮ ನನ್ನ ಕೈಯಲ್ಲೇ ಇದ್ರು. ಅಷ್ಟು ಹೊತ್ತು ಕಳೆದದ್ದು ನನಗೆ ನೆನಪೇ ಇಲ್ಲ ಅಂದ್ರೆ ನಿದ್ದೆನೇ ಹೊಡೆದಿರಬೇಕು, ಅಲ್ವಾ? ರಾತ್ರಿಯೆಲ್ಲ ಅದೇ ಯೋಚನೆ. ಒಂದು ಹೆಣ್ಣುಮಗಳನ್ನ ನನ್ನ ಕೈಯಾರೆ...”

ಮಾತು ಅಲ್ಲಿಗೆ ನಿಂತಿತು. ತುಟಿಗಳು ಇನ್ನೂ ಆಡುತ್ತಿದ್ದವು. ಅಡಗು ಬಿದ್ದಿತ್ತು.

ಅವಳು ಲೋಟ ಕೆಳಗಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, ಅಭ್ಯಾಸಬಲದಿಂದ ನನ್ನ ಮುಖವನ್ನೇ ನೋಡುತ್ತಾ ಕುಳಿತಳು. ನಾನು ಅವಳೆದುರು ಕುಳಿತೆ. ನಮ್ಮೂರಿನ ಸನ್ನೆಗಳಲ್ಲಿ ನೀರಿದೆ, ಉಪ್ಪಿದೆ, ನೋವಿದೆ. ‘ನಾನು ಸುಳ್ಳು ಬರೆದೆ’ ಎನ್ನುವುದಕ್ಕೆ ಸನ್ನೆಯಿಲ್ಲ. ‘ನೀನು’ ಎಂದು ಅವಳ ಕಡೆ ಬೆರಳು ಮಾಡಿ, ‘ಬೇಡ’ ಎನ್ನುವ ಹಾಗೆ ಕೈಯಾಡಿಸಿದೆ. ನನ್ನ ಎದೆ ಮುಟ್ಟಿಕೊಂಡೆ. ನನಗೆ ಎದೆನೋವೆಂದು ಅವಳಿಗೆ ತೋರಿತು. ಗಾಬರಿಯಾಗಿ ಎದ್ದುಬಂದು ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲೇ ಕುಳಿತುಬಿಟ್ಟಳು. ಒರಟು ಬೆರಳುಗಳು, ಬೆಚ್ಚಗಿದ್ದವು. ನಲವತ್ತು ನಿಮಿಷ ಅವಳು ರೆಪ್ಪೆ ಹೊಡೆದದ್ದನ್ನು ನಾನು ಎಣಿಸಬಹುದಿತ್ತು, ಅಷ್ಟು ಎಚ್ಚರ. ಇವಳು ತೂಕಡಿಸಿದಳೆಂದು ನಾನು ಬರೆದುಕೊಟ್ಟಿದ್ದೆ.

ಅಡಗು ಎದ್ದು ಬೀದಿಯ ಸದ್ದು ಕಿವಿಗೆ ಬೀಳುತ್ತಿದ್ದ ಹಾಗೆ ಹೇಳಿಬಿಟ್ಟೆ. “ನೀನು ತೂಕಡಿಸಲಿಲ್ಲ ದ್ಯಾವಮ್ಮಕ್ಕ. ಅವಳನ್ನ ನಿನ್ನ ಹತ್ತಿರ ತಂದಾಗ ಎರಡು ಇಪ್ಪತ್ತೈದು. ಆಗಬಾರದ್ದು ಆಗಿದ್ದು ಒಳಗೆ, ಥಿಯೇಟರಿನಲ್ಲಿ. ನಾನು ಅಲ್ಲೇ ಇದ್ದೆ. ರಿಜಿಸ್ಟರಿನಲ್ಲಿ ಇರೋದು ಸುಳ್ಳು. ಬರೆದವಳು ನಾನೇ.”

ಅವಳು ನನ್ನ ಕೈ ಬಿಟ್ಟಳು. “ಹಂಗಾದ್ರೆ ನಾನು ನಿದ್ದೆ ಮಾಡ್ಲಿಲ್ಲ,” ಎಂದಳು. “ಇಲ್ಲ.” “ಒಂದು ಕ್ಷಣಾನೂ?” “ಇಲ್ಲ ದ್ಯಾವಮ್ಮಕ್ಕ.” ಅವಳು ಎದ್ದು, ಚಪ್ಪಲಿ ಮೆಟ್ಟಿ, ಅಂಗಳದವರೆಗೆ ಹೋಗಿ ತಿರುಗಿದಳು. “ಇದನ್ನ ನನಗೆ ಹೇಳಿದ್ರೆ ಆಯ್ತಾ ಸಿಸ್ಟ್ರೇ?” ಎಂದಷ್ಟೇ ಕೇಳಿ ಹೊರಟುಹೋದಳು.

ನಾನು ಅದೇ ಸಂಜೆ ಸೂಪರಿಂಟೆಂಡೆಂಟ್ ಅಹಲ್ಯಾ ಮೇಡಮ್ಮಿನ ಮನೆಗೆ ಹೋದೆ. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಏರಿಸಿ ಓದಿದರು, ಇನ್ನೊಂದು ಸಲ ಓದಿದರು.

“ಹನ್ನೊಂದು ತಿಂಗಳಿಂದ ನೀವೇ ಬರೆದದ್ದನ್ನ ನೀವೇ ಸುಳ್ಳು ಅಂತಿದ್ದೀರಿ. ಇದರಲ್ಲಿ ಮೊದಲು ಕೆಲಸ ಹೋಗೋದು ಯಾರದು ಗೊತ್ತಾ?”

“ಗೊತ್ತು ಮೇಡಂ.”

“ವಿಶ್ವಂಭರ್ ಇಲ್ಲದೆ ಈ ಆಸ್ಪತ್ರೆ ನಡೆಯಲ್ಲ. ಸ್ವಲ್ಪ ದಿನ ತಡೀರಿ. ಆ ಪೇಷಂಟ್ ಎದ್ದುಬಿಟ್ರೆ ಎಲ್ಲ ತಣ್ಣಗಾಗುತ್ತೆ.”

“ಸೋಮವಾರದ ಪಟ್ಟಿಯಲ್ಲಿ ಐದು ಹೆಸರಿದೆ ಮೇಡಂ. ಐದನೆಯದು ಹದಿನೇಳು ವರ್ಷದ ಹುಡುಗಿ.”

ಅವರು ಕಾಗದವನ್ನು ಮಡಚಿ ಡ್ರಾಯರಿನೊಳಗೆ ಇಟ್ಟರು. ಡ್ರಾಯರ್ ಮುಚ್ಚಿದ ಸದ್ದು ಕೇಳಿದಾಗ ಆ ಕಾಗದದ ಗತಿ ಏನೆಂದು ನನಗೆ ಗೊತ್ತಾಯಿತು. ಮನೆಗೆ ಬಂದು ಇನ್ನೊಂದು ಪ್ರತಿ ಬರೆದು, ಜಿಲ್ಲೆಯ ಆರೋಗ್ಯಾಧಿಕಾರಿಗಳ ಹೆಸರಿಗೆ ವಿಳಾಸ ಹಾಕಿ, ಹುಣಸೆಮರದ ಹತ್ತಿರ ಹೊರಡಲಿದ್ದ ಕೊನೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಬಸ್ಸು ಹೊರಟ ಮೇಲೆ ಮನೆಗೆ ನಡೆದೆ.

ಭಾನುವಾರ ಬೆಳಗ್ಗೆ ಐಸಿಯು ಹೊರಗೆ ಖಲಂದರ್ ನೆಲದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಊಟದ ಡಬ್ಬಿ, ಮುಟ್ಟಿರಲಿಲ್ಲ. ಅವನೆದುರು ನಾನೂ ನೆಲದ ಮೇಲೆ ಕುಳಿತೆ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಒಳಗೆ ಬರುವಾಗ ಕೇಳಿದ ಪ್ರಶ್ನೆಯನ್ನೂ, ನಾನು ತಲೆಯಾಡಿಸಿದ್ದನ್ನೂ ಬಿಡಲಿಲ್ಲ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ಗ್ರೀಸ್ ಹಿಡಿದ ತನ್ನ ಉಗುರುಗಳನ್ನೇ ನೋಡುತ್ತಿದ್ದ.

“ಎಷ್ಟು ನಿಮಿಷ ಉಸಿರು ಇರ್ಲಿಲ್ಲ?”

“ಆರೋ ಏಳೋ. ಅದಕ್ಕಿಂತ ಹೆಚ್ಚಿಲ್ಲ.”

“ಒಳಗಿರೋ ಡಾಕ್ಟ್ರು ದಿನಾ ನನ್ನ ಕೇಳ್ತಾರೆ, ಮೊದಲೇ ಲಕ್ವ ಗಿಕ್ವ ಏನಾದ್ರೂ ಇತ್ತಾ, ಫಿಟ್ಸ್ ಇತ್ತಾ ಅಂತ. ತಲೆಯೊಳಗೆ ಏನೋ ಹುಡುಕ್ತಾ ಅವ್ರೆ. ಅವ್ರಿಗೆ ಇದು ಗೊತ್ತಿಲ್ವಾ?”

“ಗೊತ್ತಿಲ್ಲ.”

“ಹಂಗಾದ್ರೆ ನನ್ನ ಹತ್ರ ಯಾಕೆ ಕೂತಿದ್ದೀರಿ ಸಿಸ್ಟರಮ್ಮ? ಏಳಿ. ಮೊದಲು ಅವ್ರಿಗೆ ಹೇಳಿ.”

ಅವನೇ ಮುಂದೆ ನಡೆದು ಐಸಿಯು ಬಾಗಿಲು ತಟ್ಟಿದ. ಒಳಗಿನ ಡಾಕ್ಟರು ನನ್ನ ಮಾತನ್ನು ನಿಂತುಕೊಂಡೇ ಕೇಳಿ, ಎರಡು ಪ್ರಶ್ನೆ ಕೇಳಿ, ಕೇಸ್ ಶೀಟಿನಲ್ಲಿ ಅರ್ಧ ಪುಟ ಹೊಡೆದುಹಾಕಿ ಹೊಸದಾಗಿ ಬರೆದರು. ನನ್ನ ಹೆಸರನ್ನೂ ಬರೆದು ಸಹಿ ಹಾಕಿಸಿಕೊಂಡರು. ಹನ್ನೊಂದು ತಿಂಗಳ ನಂತರ ಆ ಆಸ್ಪತ್ರೆಯಲ್ಲಿ ನಾನು ನಿಜಕ್ಕೆ ಹಾಕಿದ ಮೊದಲ ಸಹಿ ಅದು.

ಸೋಮವಾರ ಬೆಳಗ್ಗೆ ಎಂದಿನಂತೆ ಥಿಯೇಟರಿಗೆ ಹೋದೆ. ನಾಲ್ಕು ಆಪರೇಷನ್ ಮುಗಿದವು. ಡಾಕ್ಟರ್ ವಿಶ್ವಂಭರ ನನ್ನೊಡನೆ ಬೇಕಾದಷ್ಟೇ ಮಾತನಾಡಿದರು. ಒಂದು ನಲವತ್ತಕ್ಕೆ ಐದನೆಯ ರೋಗಿಯನ್ನು, ಆ ಹುಡುಗಿಯನ್ನು, ಬಾಗಿಲವರೆಗೆ ತಂದರು. ಎರಡು ಜಡೆ ಹಾಕಿಕೊಂಡಿದ್ದಳು, ಹೆದರಿ ನಗುತ್ತಿದ್ದಳು. ನಾನು ಬಿಚ್ಚದೇ ಇಟ್ಟಿದ್ದ ಸಾಮಾನಿನ ತಟ್ಟೆಯ ಮೇಲೆ ಕೈಯಿಟ್ಟು ನಿಂತೆ.

“ತಟ್ಟೆ ಬಿಚ್ಚಿ ಸಿಸ್ಟರ್.”

“ಇಲ್ಲ ಸಾರ್. ಇವತ್ತಿಗೆ ನಾಲ್ಕೇ.”

“ಬಿಚ್ಚಿ ಅಂದೆ.”

“ಅಡಗಿನಲ್ಲಿ ನಾನು ಸಾಮಾನು ಕೊಡಲ್ಲ ಸಾರ್. ನನ್ನ ಬದಲು ಬೇರೆಯವರು ಕೊಡೋದಾದ್ರೆ ಕೊಡಲಿ. ನಾನು ಹೊರಗೆ ಹೋಗಿ ಆ ಹುಡುಗಿಯ ಅಪ್ಪನಿಗೆ ಎಲ್ಲ ಹೇಳ್ತೀನಿ. ಜಿಲ್ಲೆಗೂ ಬರೆದಿದ್ದೀನಿ. ನಿಮಗೆ ಮೊದಲು ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ಈಗ ಹೇಳ್ತಾ ಇದ್ದೀನಿ.”

ಡಾಕ್ಟರ ಕುತ್ತಿಗೆಯ ನರ ಉಬ್ಬಿತು. “ನಿಮ್ಮ ತಂಗಿ...” ಎಂದು ಶುರು ಮಾಡಿ, ತಾವೇ ನಿಲ್ಲಿಸಿದರು. ಆ ಮಾತನ್ನು ಅವರು ಪೂರ್ತಿ ಆಡದೇ ಇದ್ದದ್ದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ. ಅಷ್ಟರಲ್ಲಿ ಪ್ರಣೀತ್ ತಮ್ಮ ಸ್ಟೂಲಿನಿಂದ ಎದ್ದರು. ಮಂಗಳವಾರದಿಂದ ಅವರು ಯಾರ ಜೊತೆಗೂ ಮಾತನಾಡಿರಲಿಲ್ಲ. “ನನ್ನಿಂದಲೂ ಆಗಲ್ಲ ಸಾರ್,” ಎಂದರು, ಮಾಸ್ಕ್ ಬಿಚ್ಚಿ ಕೈಯಲ್ಲಿ ಮುದುರಿಕೊಂಡರು. “ಅವತ್ತು ನಾನು ಎದ್ದು ಹೋಗಬಾರದಿತ್ತು. ಅದನ್ನೂ ಬರೆದುಕೊಡ್ತೀನಿ.”

ಡಾಕ್ಟರು ಕೈತೊಳೆಯುವ ತೊಟ್ಟಿಯ ಹತ್ತಿರ ಹೋದರು. ನಾನು ಹೊರಗೆ ಹೋಗಿ ಆ ಹುಡುಗಿಗೂ ಅವಳ ಅಪ್ಪನಿಗೂ ಮರುದಿನ ಬೆಳಗಿನ ಮೊದಲ ಹೆಸರು ಅವಳದೇ ಎಂದು ಹೇಳಿ ಬಂದೆ. ಅಪ್ಪ ಗೊಣಗಿದ. ಹುಡುಗಿಗೆ ಊಟ ಸಿಗುವುದೆಂದು ಖುಷಿಯಾಯಿತು. ನಾನು ಮರಳುವಾಗ ಅಡಗು ಬಿತ್ತು. ಡಾಕ್ಟರು ಇನ್ನೂ ತೊಳೆಯುತ್ತಿದ್ದರು. ನೀರು ಸದ್ದಿಲ್ಲದೆ ಬೀಳುತ್ತಿತ್ತು, ಅವರ ಭುಜ ಅಲುಗುತ್ತಿತ್ತು. ನಾನು ನಲ್ಲಿ ನಿಲ್ಲಿಸಿ ಒಂದು ಟವೆಲ್ ಕೊಟ್ಟೆ. ತೆಗೆದುಕೊಂಡರು.

ಮುಂದಿನ ವಾರ ಜಿಲ್ಲೆಯಿಂದ ಮೂವರು ಬಂದರು. ಮೇಜಿನ ಮೇಲೆ ನನ್ನ ರಿಜಿಸ್ಟರ್ ತೆರೆದಿಟ್ಟರು. ‘ಒಂದು ಐವತ್ತಕ್ಕೆ ಮುಗಿಯಿತು’ ಎಂಬ ಸಾಲನ್ನು ಒಬ್ಬರು ಬೆರಳಿಟ್ಟು ತೋರಿಸುತ್ತಾ ಹೋದರು, ಪ್ರತಿ ಸಾಲಿಗೂ ನಾನು “ಸುಳ್ಳು ಸಾರ್” ಎನ್ನುತ್ತಾ ಹೋದೆ. ಮೊದಲ ಕೆಲವು ಸಲ ನಾಲಿಗೆ ತೊದಲಿತು. ಪುಟ ತಿರುಗಿದ ಹಾಗೆ ಮನಸ್ಸು ಹಗುರಾಯಿತು, ಕೊನೆಗೆ ಅವರಿಗೇ ಸಾಕಾಯಿತು. ಅಹಲ್ಯಾ ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ‘ಸಿಸ್ಟರಿಗೆ ನನ್ನ ಮೇಲೆ ಏನೋ ದ್ವೇಷ, ಇಲ್ಲವೇ ಇವರ ನೆನಪೇ ತಪ್ಪು’ ಎಂದು ಡಾಕ್ಟರು ಹೇಳುತ್ತಾರೆಂದು ನಾನು ಅಂದುಕೊಂಡಿದ್ದೆ. ಹೇಳಿದ್ದರೆ ಮೂವರಲ್ಲಿ ಇಬ್ಬರಾದರೂ ನಂಬುತ್ತಿದ್ದರು. ಅವರ ಸರದಿ ಬಂದಾಗ ಎದ್ದು ನಿಂತು, “ಸಿಸ್ಟರ್ ಹೇಳಿದ ಹೊತ್ತು ಸರಿ. ಹಾಗೆ ಬರೆಸಿದವನು ನಾನು. ದ್ಯಾವಮ್ಮನ ತಪ್ಪು ಏನೂ ಇಲ್ಲ,” ಎಂದರು. ಅಷ್ಟೇ. ಕುಳಿತುಕೊಂಡರು. ಅವರ ಮುಖದಲ್ಲಿದ್ದದ್ದು ಸೋಲು ಎಂದು ನನಗೆ ಅನ್ನಿಸಲಿಲ್ಲ. ಬಹಳ ದಿನ ನಿದ್ದೆಗೆಟ್ಟವನು ಯಾರದೋ ಮನೆಯ ಜಗಲಿಯ ಮೇಲೆ ಕೂತ ಹಾಗಿತ್ತು.

ಒಂದು ವರ್ಷ ಅವರು ಕತ್ತಿ ಮುಟ್ಟುವ ಹಾಗಿಲ್ಲ ಎಂದಾಯಿತು. ಹೊರರೋಗಿಗಳ ವಿಭಾಗದಲ್ಲಿ ಕುಳಿತು ನೋಡುತ್ತಾರೆ. ಜನ ಅಲ್ಲಿಗೂ ಸಾಲುಗಟ್ಟಿ ಹೋಗುತ್ತಾರೆ. ಜಿಲ್ಲೆಯಿಂದ ಇಬ್ಬರು ಸರ್ಜನ್‌ಗಳು ವಾರಕ್ಕೆ ಎರಡೆರಡು ದಿನ ಬರತೊಡಗಿದರು. ಎರಡು ವರ್ಷದಿಂದ ಕೇಳಿದರೂ ಸಿಗದಿದ್ದ ಸೌಕರ್ಯ ಹದಿನೈದು ದಿನದಲ್ಲಿ ಹೇಗೆ ಸಿಕ್ಕಿತೆಂದು ನಾನು ಕೇಳಲಿಲ್ಲ. ಪ್ರಣೀತರಿಗೂ ನನಗೂ ಎಚ್ಚರಿಕೆಯ ಪತ್ರ ಬಂದಿತು. ನನ್ನನ್ನು ಥಿಯೇಟರಿನಿಂದ ತೆಗೆದು ಡ್ರೆಸ್ಸಿಂಗ್ ಕೋಣೆಗೆ ಹಾಕಿದರು, ಇನ್ನು ಮೇಲೆ ಥಿಯೇಟರಿನ ಕೆಲಸ ನನಗಿಲ್ಲ. ಥಿಯೇಟರಿನ ಕೆಲವರು ಈಗಲೂ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ದ್ಯಾವಮ್ಮನನ್ನು ವಾಪಸು ಕರೆಯಲು ಅಹಲ್ಯಾ ಮೇಡಮ್ಮೇ ಅವಳ ಮನೆಗೆ ಹೋಗಿದ್ದರು. “ಆ ಕೋಣೆಗೆ ಗಡಿಯಾರ ಹಾಕ್ಸಿ, ಆಮೇಲೆ ಬರ್ತೀನಿ” ಎಂದಳಂತೆ. ಹಾಕಿಸಿದರು. ಬಂದಳು. ನನ್ನ ಜೊತೆ ಮೊದಲಿನಷ್ಟು ಮಾತಿಲ್ಲ, ಆದರೆ ಎಲೆ‌ಅಡಿಕೆ ಹಾಕಿಕೊಳ್ಳುವಾಗ ಒಂದು ಚೂರು ಅಡಿಕೆ ನನ್ನ ಕಡೆಗೂ ಚಾಚುತ್ತಾಳೆ.

ಮೆಹರುನ್ನಿಸಾ ಕಣ್ಣು ತೆರೆದದ್ದು ಒಂಬತ್ತನೆಯ ದಿನ. ಮೊದಲು ಗಂಡನನ್ನು ಗುರುತಿಸಲಿಲ್ಲವಂತೆ, ಸಂಜೆಯ ಹೊತ್ತಿಗೆ ಗುರುತಿಸಿ, ಗಡ್ಡ ಯಾಕೆ ಇಷ್ಟು ಬೆಳೆಸಿದ್ದೀಯ ಎಂದು ಕೇಳಿದಳಂತೆ. ಖಲಂದರ್ ಇದನ್ನು ಆಸ್ಪತ್ರೆಯ ಕಾವಲುಗಾರನಿಗೂ, ಕ್ಯಾಂಟೀನಿನವನಿಗೂ, ದಾರಿಯಲ್ಲಿ ಸಿಕ್ಕ ನನಗೂ ಒಂದೇ ಉಸಿರಿನಲ್ಲಿ ಹೇಳಿದ. ನಾನು ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತೆ. ಅವಳ ಮಾತು ನಿಧಾನವಾಗಿತ್ತು, ಬಲಗೈ ಹೇಳಿದ ಹಾಗೆ ಕೇಳುತ್ತಿರಲಿಲ್ಲ. ದಿನದಿಂದ ದಿನಕ್ಕೆ ಸುಧಾರಿಸುತ್ತದೆ, ಪೂರ್ತಿ ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು.

ಅವಳ ಮುಂದೆ ಹೋಗಿ ನಿಲ್ಲಲು ನನಗೆ ಧೈರ್ಯವಾಗಲಿಲ್ಲ. ಅವಳೇ ಬಂದಳು. ಮನೆಗೆ ಹೊರಟ ದಿನ, ಗಂಡನನ್ನು ಆಟೋ ತರಲು ಕಳಿಸಿ, ಗೋಡೆ ಹಿಡಿದುಕೊಂಡು ಡ್ರೆಸ್ಸಿಂಗ್ ಕೋಣೆಯವರೆಗೆ ನ‌ಡೆದು ಬಂದಿದ್ದಳು. ನಾನು ಕುರ್ಚಿ ಎಳೆದೆ. ಕೂರಲಿಲ್ಲ.

“ನೀವೇ ಅಲ್ವಾ... ನಿಜ ಹೇಳಿದ್ದು?”

“ಹೌದು.”

“ನಾನು ಒಳಗೆ ಬರುವಾಗ ಕೇಳಿದ್ದೆ ನಿಮ್ಮನ್ನ.” ಒಂದೊಂದು ಮಾತೂ ಭಾರವಾದ ಕೊಡ ಇಳಿಸಿದ ಹಾಗೆ ಬರುತ್ತಿತ್ತು. “ಆವಾಗ ಯಾಕೆ ಹೇಳ್ಲಿಲ್ಲ? ಎಲ್ಲ ಆದ ಮೇಲೆ ಹೇಳಿದ್ರಂತೆ. ಎಲ್ರೂ ನಿಮ್ಮನ್ನ ದೊಡ್ಡ ಮನಸ್ಸಿನೋರು ಅಂತಾರೆ. ನನ್ನ ಕೈ ನೋಡಿ. ಒಂದು ಗುಂಡಿ ಹಾಕ್ಕೊಳ್ಳೋಕೆ ನನ್ನ ಗಂಡ ಬೇಕು. ಬಾಯಿಬಿಡೋಕೆ ನಿಮಗೆ ನಾನೇ ಬೇಕಾಗಿತ್ತಾ?”

ಅವಳು ಇನ್ನೂ ಸ್ವಲ್ಪ ಹೊತ್ತು ಬೈದಳು, ಮಾತು ಸಿಗದಾಗ ನಿಂತು, ಸಿಕ್ಕಿದ ಮೇಲೆ ಮತ್ತೆ ಬೈದಳು. ಮೂರು ವಾರದಿಂದ ಊರೆಲ್ಲ ನನ್ನನ್ನು ಹೊಗಳುತ್ತಿತ್ತು, ಇಲ್ಲವೇ ಹಿಂದಿನಿಂದ ಶಪಿಸುತ್ತಿತ್ತು. ನಾನು ಮಾಡಿದ್ದೇನು, ಮಾಡದೇ ಬಿಟ್ಟಿದ್ದೇನು ಎಂದು ಎದುರು ನಿಂತು ಹೇಳಿದವರು ಯಾರೂ ಇರಲಿಲ್ಲ. ಎದೆಯ ಮೇಲೆ ಯಾವಾಗಿನಿಂದಲೋ ಕೂತಿದ್ದದ್ದು ಅವಳ ಒಂದೊಂದು ಬೈಗುಳಕ್ಕೂ ಒಂದೊಂದಿಷ್ಟು ಜರುಗಿತು. ಕೈ ಮುಗಿದೆ. “ತಪ್ಪಾಯ್ತು,” ಎಂದೆ.

“ಹೂಂ. ಆಯ್ತು,” ಎಂದಳು. ಹೊರಗೆ ಆಟೋದ ಹಾರ್ನ್ ಕೇಳಿಸಿತು. ಅವಳು ಬಾಗಿಲ ಕಡೆ ತಿರುಗಿ, ಗೋಡೆಗೆ ಕೈ ಚಾಚಿ, ಗೋಡೆ ದೂರವಿದ್ದದ್ದರಿಂದ ನನ್ನ ತೋಳು ಹಿಡಿದುಕೊಂಡಳು. ನಾವಿಬ್ಬರೂ ಮೆಟ್ಟಿಲು ಒಂದೊಂದಾಗಿ ಇಳಿದೆವು. ಆಟೋದೊಳಗೆ ಕುಳಿತ ಮೇಲೆ ಅವಳು ತಲೆ ಹೊರಗೆ ಹಾಕಿ ಕೇಳಿದಳು, “ಗುರುವಾರ ಹೊಲಿಗೆಯ ಗಾಯ ತೋರಿಸೋಕೆ ಬರಬೇಕಂತೆ. ಯಾರು ನೋಡ್ತಾರೆ?”

“ನಾನೇ. ಬೇರೆ ಯಾರಾದ್ರೂ ನೋಡಲಿ ಅಂದ್ರೆ ಅವರಿಗೆ ಹೇಳ್ತೀನಿ.”

ಅವಳು ಯೋಚಿಸಿದಳು. “ಬೇಡ. ನೀವೇ ಇರಿ,” ಎಂದಳು. “ಹೆಂಗಿದೆಯೋ ಹಂಗೆ ಹೇಳ್ತೀರಲ್ಲ ಈಗ.”

ಆಟೋ ಗೇಟು ದಾಟಿ ಹೋಯಿತು. ನಾನು ಕ್ಯಾಂಟೀನಿಗೆ ಹೋಗಿ ಅನ್ನ ಸಾರು ಹಾಕಿಸಿಕೊಂಡು ಕುಳಿತೆ. ಎಷ್ಟು ಹಸಿದಿದ್ದೆನೆಂದು ಮೊದಲ ತುತ್ತಿಗೆ ಗೊತ್ತಾಯಿತು. ಎರಡನೆಯ ಸಲ ಅನ್ನ ಕೇಳಿದೆ, ಮಜ್ಜಿಗೆಗೆ ಮೂರನೆಯ ಸಲವೂ ಕೇಳಿದೆ. ಕ್ಯಾಂಟೀನಿನವನು ಬಡಿಸುತ್ತಾ, “ಏನ್ ಸಿಸ್ಟರ್, ಇವತ್ತು ಊಟ ಸೇರ್ತಾ ಇದೆ?” ಎಂದು ನಕ್ಕ. ಬಾಯಿ ತುಂಬ ಅನ್ನವಿತ್ತು. ಹೌದೆಂದು ತಲೆಯಾಡಿಸಿದೆ.